ದತ್ತಕ ತಗೊಂಡ ಮಗುವನ್ನ ತಿರುಗಿ ಕೊಡಬಹುದಾ? (ನಂದಗಡದಿಂದ ಯೂಟ್ಯೂಬಿನ ತನಕ)

ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿದು, ಖಾನಾಪುರ ದಾಟಿ ಇನ್ನೊಂದು ಹತ್ತು ಕಿಲೋಮೀಟರ್ ಹೋದರೆ ನಂದಗಡ ಸಿಗುತ್ತದೆ. ಅಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿ ಇದೆ, ಹತ್ತಿರದಲ್ಲೇ ದೊಡ್ಡದೊಂದು ಆಲದ ಮರ. ಮಕ್ಕಳಾಗದವರು ಬಂದು ಹರಕೆ ಹೊತ್ತು ಆ ಮರಕ್ಕೆ ಪುಟ್ಟ ಪುಟ್ಟ ಮರದ ತೊಟ್ಟಿಲು ಕಟ್ಟಿ ಹೋಗುತ್ತಾರೆ. ಮದುವೆಯಾಗದೆ, ಮಕ್ಕಳು ಮರಿ ಇಲ್ಲದೆ, ಮೂವತ್ತು ಚಿಲ್ಲರೆ ವಯಸ್ಸಿಗೆ ಗಲ್ಲಿಗೇರಿದ ಒಬ್ಬ ಸಿಪಾಯಿಯ ಹತ್ತಿರ ಜನ ಮಕ್ಕಳ ಭಾಗ್ಯ ಯಾಕೆ ಬೇಡುತ್ತಾರೆ ಅಂತ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಹರಕೆಗೆ ಕಾರಣ ಕೇಳಬಾರದು ಅಂತಾರೆ, ಅದೂ ನಿಜವೇ. ಆದರೂ ಒಂದು ಕಾಕತಾಳೀಯ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ರಾಯಣ್ಣ ಸತ್ತಿದ್ದು ಒಂದು ದತ್ತಕ ಮಗುವಿನ ಸಲುವಾಗಿ.

ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದು "ಬ್ರಿಟಿಷರ ವಿರುದ್ಧ ಹೋರಾಡಿದ" ಅಂತ. ತಪ್ಪೇನಲ್ಲ. ಆದರೆ ಆ ಹೋರಾಟದ ನಡುಮಧ್ಯೆ ಶಿವಲಿಂಗಪ್ಪ ಅನ್ನೋ ಒಬ್ಬ ಹುಡುಗ ನಿಂತಿದ್ದಾನೆ. ಆ ಹುಡುಗನನ್ನ ಯಾರೂ ಅಷ್ಟಾಗಿ ನೆನೆಸಿಕೊಳ್ಳೋದಿಲ್ಲ. 1961ರ "ಕಿತ್ತೂರು ಚೆನ್ನಮ್ಮ" ಸಿನಿಮಾ ಅಂದರೆ ನೆನಪಾಗೋದು ಬಿ. ಸರೋಜಾದೇವಿ, 2012ರ "ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ" ಅಂದರೆ ದರ್ಶನ್. ಆ ಹುಡುಗ ಯಾರಿಗೂ ನೆನಪಾಗೋದಿಲ್ಲ. 2020ರ ಆಗಸ್ಟಿನಲ್ಲಿ ಇದೇ ಖಾನಾಪುರ ರಸ್ತೆಯ ಪೀರನವಾಡಿಯಲ್ಲಿ ರಾಯಣ್ಣನ ಪ್ರತಿಮೆಗಾಗಿ ಎಷ್ಟು ಗಲಾಟೆಯಾಯ್ತು ನೆನಪಿರಬಹುದು. ಪ್ರತಿಮೆ ಯಾರದು, ಎಲ್ಲಿರಬೇಕು ಅನ್ನೋ ಬಗ್ಗೆ ನಮ್ಮ ಊರಲ್ಲಿ ಜಗಳ ಆಗುತ್ತದೆ. ರಾಯಣ್ಣ ಯಾವ ಮಾತಿಗಾಗಿ ಸತ್ತ ಅನ್ನೋದು ಚರ್ಚೆಗೆ ಬರೋದು ಕಡಿಮೆ.

ಅದೇ 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನಲ್ಲಿ ನಾವೆಲ್ಲ ಮನೆಯಲ್ಲಿ ಕೂತಿದ್ದಾಗ, ಅಮೆರಿಕದ ಓಹಾಯೋ ರಾಜ್ಯದ ಮೈಕಾ ಮತ್ತು ಜೇಮ್ಸ್ ಸ್ಟಾಫರ್ ಅನ್ನೋ ಯೂಟ್ಯೂಬ್ ದಂಪತಿ ಒಂದು ವಿಡಿಯೋ ಹಾಕಿದರು. 2017ರಲ್ಲಿ ಚೀನಾದಿಂದ ಒಬ್ಬ ಪುಟ್ಟ ಹುಡುಗನನ್ನ ದತ್ತು ತಂದಿದ್ದರು. ಮಗುವಿಗೆ ವಿಶೇಷ ಅಗತ್ಯಗಳಿವೆ ಅಂತ ಗೊತ್ತಿದ್ದೇ ತಂದಿದ್ದು. ತರೋದಕ್ಕೆ ಮುಂಚೆ ದೇಣಿಗೆ ಎತ್ತಿದ್ದರು. ಐದು ಡಾಲರ್ ಕೊಟ್ಟರೆ ಮಗುವಿನ ಫೋಟೋದ ಒಂದು ತುಂಡು ತೆರೆಯುತ್ತದೆ, ಎಲ್ಲರೂ ಕೊಟ್ಟರೆ ಮುಖ ಪೂರ್ತಿ ಕಾಣುತ್ತದೆ ಅನ್ನೋ ಥರದ ಯೋಜನೆ. ಆ ಹೆಂಗಸಿನ ಚಾನೆಲ್ಲಿಗೆ ಏಳು ಲಕ್ಷಕ್ಕೂ ಹೆಚ್ಚು ಚಂದಾದಾರರಿದ್ದರು. ಸುಮಾರು ಎರಡೂವರೆ ವರ್ಷ ಆ ಹುಡುಗ ವಿಡಿಯೋಗಳಲ್ಲಿ ಇದ್ದ, ಆಮೇಲೆ ನಿಧಾನಕ್ಕೆ ಕಾಣದಂತಾದ. ನೋಡುಗರು ಕೇಳತೊಡಗಿದಾಗ ಗಂಡ ಹೆಂಡತಿ ಕಣ್ಣೀರು ಹಾಕುತ್ತಾ ಹೇಳಿದರು: ಅವನ ಅಗತ್ಯಗಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿದ್ದವು, ಅವನನ್ನ ಬೇರೆ ಮನೆಗೆ ಕೊಟ್ಟಿದ್ದೇವೆ. ಪ್ರಪಂಚವೆಲ್ಲ ಅವರ ಮೇಲೆ ಬಿತ್ತು. ಜಾಹೀರಾತು ಕೊಡುತ್ತಿದ್ದ ಕಂಪನಿಗಳು ದೂರ ಸರಿದವು. ಡೆಲವೇರ್ ಕೌಂಟಿಯ ಶೆರಿಫ್ ಕಚೇರಿ ವಿಚಾರಣೆ ಮಾಡಿ, ಯಾವ ಅಪರಾಧವೂ ಆಗಿಲ್ಲ ಅಂತ ಕಡತ ಮುಚ್ಚಿತು. 2025ರ ಜನವರಿಯಲ್ಲಿ ಎಚ್‌ಬಿಒ ಇದರ ಮೇಲೆ ಒಂದು ಸಾಕ್ಷ್ಯಚಿತ್ರವನ್ನೂ ತಂದಿತು.

ಈ ಎರಡಕ್ಕೂ ಎಲ್ಲಿಯ ಸಂಬಂಧ ಅಂತೀರಾ? ಸ್ವಲ್ಪ ತಾಳಿ, ಹೇಳ್ತೀನಿ. ಮೊದಲು ಕಿತ್ತೂರಿಗೆ ಹೋಗಿ ಬರೋಣ.

1816ರಲ್ಲಿ ಕಿತ್ತೂರಿನ ದೇಸಾಯಿ ಮಲ್ಲಸರ್ಜ ತೀರಿಕೊಂಡ ಮೇಲೆ ಹಿರಿಯ ಹೆಂಡತಿ ರುದ್ರಮ್ಮನ ಮಗ ಶಿವಲಿಂಗರುದ್ರ ಸರ್ಜ ಗದ್ದುಗೆಗೆ ಬಂದ. 1818ರಲ್ಲಿ ಬ್ರಿಟಿಷ್ ಜನರಲ್ ಮನ್ರೋ ಪೇಶ್ವೆಯ ಕೈಯಿಂದ ಬೆಳಗಾವಿ ಕೋಟೆ ಕಿತ್ತುಕೊಳ್ಳುವಾಗ ಈ ದೇಸಾಯಿ ಸಹಾಯ ಮಾಡಿದ. (ಹೌದು, ಕಿತ್ತೂರಿನವರೇ. ಇತಿಹಾಸ ನಮಗೆ ಬೇಕಾದ ಹಾಗೆ ನೇರವಾಗಿ ಇರೋದಿಲ್ಲ.) ಪ್ರತಿಯಾಗಿ ಕಿತ್ತೂರು ಅವನ ವಂಶಕ್ಕೇ ಉಳಿಯಿತು. ಆದರೆ ಖಾನಾಪುರದ ಭಾಗವನ್ನ ಕಂಪನಿ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯ್ತು, ಮೇಲೆ ವರ್ಷ ವರ್ಷ ಕಪ್ಪ ಬೇರೆ. ವಂಶಕ್ಕೆ ಉಳಿಯಬೇಕಾದರೆ ವಂಶ ಇರಬೇಕಲ್ಲ! ಅಲ್ಲೇ ಸಮಸ್ಯೆ ಇದ್ದದ್ದು. ಶಿವಲಿಂಗರುದ್ರ ಸರ್ಜನಿಗೆ ಮಕ್ಕಳಿರಲಿಲ್ಲ, ಆರೋಗ್ಯವೂ ಸರಿ ಇರಲಿಲ್ಲ. ಅವನು ಬೆಳಗಾವಿ ಹತ್ತಿರದ ಮಾಸ್ತಮರಡಿಯ ಗೌಡರ ಮನೆಯ ಹುಡುಗನನ್ನ ದತ್ತಕ ತಗೊಂಡ. ಅವನೇ ಈ ಶಿವಲಿಂಗಪ್ಪ.

ದೇಸಾಯಿ ಸತ್ತಿದ್ದು 1824ರ ಸೆಪ್ಟೆಂಬರಿನಲ್ಲಿ. ದತ್ತಕದ ವಿಷಯ ತಿಳಿಸುವ ಪತ್ರದ ಮೇಲೆ ಜುಲೈ 10ರ ತಾರೀಖಿತ್ತು. ಆದರೆ ಅದು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯ ಕೈಸೇರಿದ್ದು ದೇಸಾಯಿ ಸಾಯೋ ಹೊತ್ತಿಗೆ. ಥ್ಯಾಕರೆಗೆ ಅನುಮಾನ ಬಂತು. ದೇಸಾಯಿಯನ್ನ ನೋಡಲು ಡಾಕ್ಟರನ್ನ ಕಳಿಸಿದ. ತಾರೀಖು ಹಿಂದಿನದು ಹಾಕಿದ್ದಾರೆ, ಸಹಿ ದೇಸಾಯಿಯದ್ದಲ್ಲ, ಸರ್ಕಾರದ ಅಪ್ಪಣೆ ತಗೊಂಡಿಲ್ಲ ಅಂದ. ಮಗುವನ್ನ ಒಪ್ಪೋದಿಲ್ಲ ಅಂತ ಖಜಾನೆಗೆ ಮೊಹರು ಹಾಕಿಸಿದ. ಮುಂದಿನದು ಎಲ್ಲರಿಗೂ ಗೊತ್ತು. 1824ರ ಅಕ್ಟೋಬರ್ 23ರಂದು ಕೋಟೆ ಬಾಗಿಲಲ್ಲಿ ಥ್ಯಾಕರೆ ಸತ್ತ, ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು, ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿ 1829ರಲ್ಲಿ ಅಲ್ಲೇ ಕಣ್ಮುಚ್ಚಿದಳು. ಅಂದ ಹಾಗೆ ಈ ಥ್ಯಾಕರೆ, ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಥ್ಯಾಕರೆಯ ಚಿಕ್ಕಪ್ಪ.

ಝಾನ್ಸಿಯ ದತ್ತಕವನ್ನ ಡಾಲ್‌ಹೌಸಿ ತಳ್ಳಿಹಾಕಿದ್ದಕ್ಕಿಂತ ಮೂರು ದಶಕ ಮೊದಲಿನ ಮಾತು ಇದು. "ದತ್ತು ಮಕ್ಕಳಿಗೆ ಹಕ್ಕಿಲ್ಲ ಅನ್ನೋ ನೀತಿ" ಅಂತ ಪರೀಕ್ಷೆಗೆ ನಾವು ಬಾಯಿಪಾಠ ಮಾಡಿದ್ದು 1848ರ ನಂತರದ್ದು. ಆದರೆ ಅದರ ಮೊದಲ ತಾಲೀಮು ನಡೆದಿದ್ದು ನಮ್ಮ ಬೆಳಗಾವಿ-ಧಾರವಾಡದ ನಡುವೆ.

ಇಲ್ಲಿ ನಾನು ನೋಡೋದು ಯುದ್ಧವನ್ನಲ್ಲ. ಒಂದು ಸಣ್ಣ ಲೆಕ್ಕವನ್ನ. ಆ ಹುಡುಗನಿಂದ ಕಿತ್ತೂರಿನ ಮನೆತನಕ್ಕೆ ಬಂದದ್ದೇನು? ನಷ್ಟ. ಬರೀ ನಷ್ಟ. ಅವನನ್ನ ಮನೆಗೆ ತಂದ ಕೆಲವೇ ವಾರಗಳಲ್ಲಿ ತಂದೆ ಸತ್ತ, ಖಜಾನೆಗೆ ಬೀಗ ಬಿತ್ತು, ಆಮೇಲೆ ಕೋಟೆ ಹೋಯ್ತು, ಅಜ್ಜಿ ಸೆರೆಯಾದಳು. "ಈ ದತ್ತಕ ಆಗೇ ಇಲ್ಲ, ಹುಡುಗ ಮಾಸ್ತಮರಡಿಗೆ ವಾಪಸ್ ಹೋಗಲಿ, ನಮಗೊಂದು ಪಿಂಚಣಿ ಕೊಡಿ" ಅಂತ ಒಂದು ಅರ್ಜಿ ಬರೆದಿದ್ದರೆ ಬ್ರಿಟಿಷರು ಕುಣಿದಾಡಿಬಿಡುತ್ತಿದ್ದರು. ಕಿತ್ತೂರು ಆ ಮಾತು ಆಡಲಿಲ್ಲ. ಕೋಟೆ ಬಿದ್ದು ಐದು ವರ್ಷ ಆದ ಮೇಲೆ, ರಾಣಿಯೂ ತೀರಿಕೊಂಡ ಮೇಲೆ, ರಾಯಣ್ಣ ಎದ್ದದ್ದು ಆ ಹುಡುಗನನ್ನ ಗದ್ದುಗೆ ಮೇಲೆ ಕೂಡಿಸ್ತೀನಿ ಅಂತಲೇ. ಆಗ ತಾಲೂಕು ಠಾಣೆಯಾಗಿದ್ದ ಬೀಡಿಯ ಕಚೇರಿ ಸುಟ್ಟಿದ್ದು, ನಂದಗಡದ ಖಜಾನೆಗೆ ಕೈ ಹಾಕಿದ್ದು, ಎಲ್ಲ ಇವತ್ತಿನ ಖಾನಾಪುರ ತಾಲೂಕಿನಲ್ಲೇ. 1830ರ ಏಪ್ರಿಲಿನಲ್ಲಿ ಮೋಸದಿಂದ ಸಿಕ್ಕಿಬಿದ್ದ. ಶಿವಲಿಂಗಪ್ಪನನ್ನೂ ಬ್ರಿಟಿಷರು ಹಿಡಿದರು. 1831ರ ಜನವರಿ 26ರಂದು ರಾಯಣ್ಣನನ್ನ ನಂದಗಡದಲ್ಲಿ ಗಲ್ಲಿಗೇರಿಸಿದರು.

ಬೆಳಗಾವಿ ಊರಲ್ಲೇ ಇನ್ನೊಂದು ಇಂಥ ಸಾವಿದೆ. ನರಗುಂದದ ಬಾಬಾಸಾಹೇಬ, ಅಂದರೆ ಭಾಸ್ಕರರಾವ್ ಭಾವೆ. ಮಗನಿಲ್ಲದ ಅರಸ. ದತ್ತಕಕ್ಕೆ ಅಪ್ಪಣೆ ಕೇಳಿ ಅರ್ಜಿ ಹಾಕಿದ, ಸರ್ಕಾರ ಕೊಡಲಿಲ್ಲ. 1858ರ ಮೇ ಕೊನೆಯಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನ ಸುರೇಬಾನದಲ್ಲಿ ಕೊಂದ. ಜೂನ್ 12ರಂದು ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯ್ತು. ಶಸ್ತ್ರ ಕಿತ್ತುಕೊಳ್ಳೋ ಕಾಯ್ದೆ, ಇನಾಂ ಕಮಿಷನ್, ಬೇರೆ ಸಿಟ್ಟುಗಳೂ ಇದ್ದವು ಅನ್ನಿ. ಆದರೆ ಮೊದಲು ಉರಿದದ್ದು ಇದೇ ಗಾಯ. ಒಂದೇ ಜಿಲ್ಲೆಯ ಮಣ್ಣಲ್ಲಿ, 27 ವರ್ಷದ ಅಂತರದಲ್ಲಿ, ದತ್ತಕದ ಹಿನ್ನೆಲೆಯಿರೋ ಎರಡು ಗಲ್ಲು.

ಇಷ್ಟು ಓದಿ "ನೋಡಿ ನಮ್ಮವರು ಎಷ್ಟು ದೊಡ್ಡವರು, ಅಮೆರಿಕದವರು ಎಷ್ಟು ಸಣ್ಣವರು" ಅಂತ ಎದೆ ಉಬ್ಬಿಸಿಕೊಳ್ಳೋ ಮುಂಚೆ ಇನ್ನೊಂದು ಕಡೆಯನ್ನೂ ನೋಡಬೇಕು. ಅದನ್ನ ಬಿಟ್ಟು ಬರೆದರೆ ನನ್ನ ಲೆಕ್ಕ ಸುಳ್ಳಾಗುತ್ತದೆ.

ನಮ್ಮ ಹಳೆಯ ದತ್ತಕ ಮಗುವಿಗಾಗಿ ಇದ್ದದ್ದಲ್ಲ, ಮನೆಗಾಗಿ ಇದ್ದದ್ದು. ಗದ್ದುಗೆಗೆ ವಾರಸು ಬೇಕು, ಪಿಂಡ ಇಡೋಕೆ ಕೈ ಬೇಕು, ವತನದ ಹೊಲಕ್ಕೆ ಹೆಸರು ಬೇಕು. ಗಂಡು ಹುಡುಗನೇ ಬೇಕು. ಅದೂ ಸಂಬಂಧಿಕರಲ್ಲಿ, ಕುಲ ನೋಡಿ, ಗಟ್ಟಿಮುಟ್ಟಾಗಿರೋ ಹುಡುಗ. ನಮ್ಮ ಮುಂಬಯಿ ಪ್ರಾಂತದ ಕಡೆಯಂತೂ ಮದುವೆಯಾಗಿ ಮಕ್ಕಳಿರೋ ಗಂಡಸನ್ನೂ ದತ್ತಕ ತಗೋಬಹುದಿತ್ತು! ಅನಾಥ ಮಗುವಿಗೆ ಮನೆ ಕೊಡೋದು ಅನ್ನೋ ಕಲ್ಪನೆ ಅದರಲ್ಲಿ ಇರಲೇ ಇಲ್ಲ. ಅನಾಥ ಮಗುವನ್ನ ದತ್ತಕ ಕೊಡೋದಕ್ಕೇ ಬರುತ್ತಿರಲಿಲ್ಲ, ಯಾಕೆಂದರೆ ಮಗುವನ್ನ ತಂದೆ ಅಥವಾ ತಾಯಿಯೇ ತಮ್ಮ ಕೈಯಾರೆ ಉಡಿಗೆ ಹಾಕಬೇಕಿತ್ತು.

ಇನ್ನು ಅಂಗವಿಕಲ ಮಗುವಿನ ಮಾತು ಕೇಳಲೇಬೇಡಿ. ಹೊಟ್ಟೆಯಲ್ಲಿ ಹುಟ್ಟಿದ ಮಗುವೇ ಆಗಿದ್ದರೂ ಹುಟ್ಟು ಕುರುಡ, ಹುಟ್ಟು ಕಿವುಡ, ಮೂಗ, ಬುದ್ಧಿಮಾಂದ್ಯ ಇವರಿಗೆ ತಂದೆಯ ಆಸ್ತಿಯಲ್ಲಿ ಪಾಲಿಲ್ಲ ಅಂತ ಮನುವೂ ಬರೆದ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ನೆಲದಲ್ಲೇ ಕೂತು "ಮಿತಾಕ್ಷರ" ಬರೆದ ವಿಜ್ಞಾನೇಶ್ವರನೂ ಅದನ್ನೇ ಒಪ್ಪಿದ. ಅವರಿಗೆ ಅನ್ನ ಬಟ್ಟೆ ಕೊಟ್ಟು ಸಾಕಬೇಕು ಅಂದರು, ಅಷ್ಟು ಮಟ್ಟಿಗೆ ಪುಣ್ಯ. ಪಾಲು ಮಾತ್ರ ಇಲ್ಲ. ಇದು ಬದಲಾಗೋಕೆ 1928 ಬರಬೇಕಾಯ್ತು. ಆ ವರ್ಷದ ಕಾಯ್ದೆ ಕುರುಡರಿಗೂ ಕಿವುಡರಿಗೂ ವಾರಸು ಹಕ್ಕು ಕೊಟ್ಟಿತು. ಹುಟ್ಟಿನಿಂದ ಬುದ್ಧಿ ಬೆಳೆಯದವರನ್ನ, ಹುಟ್ಟಿನಿಂದ ಚಿತ್ತಸ್ವಾಸ್ಥ್ಯ ಇಲ್ಲದವರನ್ನ ಆಗಲೂ ಹೊರಗೇ ಇಟ್ಟಿತು. ಅವರಿಗೂ ಬಾಗಿಲು ತೆರೆದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ.

ಅದೇ 1956ರ ಡಿಸೆಂಬರಿನಲ್ಲಿ ಬಂದದ್ದು ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ. ಹೆಣ್ಣು ಮಗುವನ್ನೂ ದತ್ತಕ ತಗೋಬಹುದು ಅಂತ ಮೊದಲ ಸಲ ಬರೆದದ್ದು ಇದರಲ್ಲೇ. ಇದರ 15ನೇ ಕಲಮು ನನಗೆ ಬಹಳ ಇಷ್ಟ. ಕಾನೂನಿನ ಭಾಷೆ ಬಿಟ್ಟು ಹೇಳೋದಾದರೆ: ಸರಿಯಾಗಿ ಆದ ದತ್ತಕವನ್ನ ತಂದೆಯಾಗಲಿ ತಾಯಿಯಾಗಲಿ ಬೇರೆ ಯಾರೇ ಆಗಲಿ ರದ್ದು ಮಾಡೋ ಹಾಗಿಲ್ಲ, ಮಗುವೂ "ನಾ ಒಲ್ಲೆ" ಅಂತ ಹುಟ್ಟಿದ ಮನೆಗೆ ಹಿಂದಿರುಗೋ ಹಾಗಿಲ್ಲ. ಹಳೆಯ ಶಾಸ್ತ್ರದ ನಿಲುವೂ ಇದೇ ಇತ್ತು. ಉಡಿಗೆ ಬಿದ್ದ ಮೇಲೆ ಮುಗೀತು. ಯಾಕೆ ಅಂದರೆ ಮಗು ಹುಟ್ಟಿದ ಮನೆಯಲ್ಲಿ ಆ ಕ್ಷಣಕ್ಕೇ ಸತ್ತ ಲೆಕ್ಕ, ಅಲ್ಲಿಯ ಪಾಲು ಹೋಯ್ತು, ಗೋತ್ರ ಹೋಯ್ತು. ಇಲ್ಲಿಯೂ ಬೇಡ ಅಂದರೆ ಅದು ಎಲ್ಲಿಗೂ ಸೇರದ ಮಗು.

ಹಾಗಾದರೆ ಇವತ್ತು ಭಾರತದಲ್ಲಿ ದತ್ತು ಮಗುವನ್ನ ತಿರುಗಿ ಕೊಡೋದು ಸಾಧ್ಯವಿಲ್ಲ ಅಂದುಕೊಂಡಿರಾ? ನಾನೂ ಇದನ್ನ ಓದುತ್ತಾ ಹೋಗುವಾಗ ಇಲ್ಲೇ ತಡೆದು ನಿಂತೆ. ಆಗುತ್ತದೆ. ದಿನಾ ಆಗುತ್ತದೆ ಅನ್ನಲಾರೆ, ಆದರೆ ಆಗುತ್ತದೆ.

ಅನಾಥ ಮಕ್ಕಳು, ಬಿಟ್ಟುಹೋದ ಮಕ್ಕಳು, ಹೆತ್ತವರೇ ಒಪ್ಪಿಸಿದ ಮಕ್ಕಳು ಈಗ ಬೇರೆ ಕಾನೂನಿನ ಕೆಳಗೆ ಬರುತ್ತಾರೆ. 2015ರ ಬಾಲನ್ಯಾಯ ಕಾಯ್ದೆ, ಅದನ್ನ ನಡೆಸೋ ಕೇಂದ್ರ ಸಂಸ್ಥೆ ಕಾರಾ. ಜಿಲ್ಲೆ ಜಿಲ್ಲೆಯಲ್ಲಿ ದತ್ತು ಕೇಂದ್ರಗಳಿವೆ. ಮಗುವನ್ನ ಕಸದ ತೊಟ್ಟಿಗೆ ಎಸೆಯಬೇಡಿ, ಇಲ್ಲಿ ಬಿಟ್ಟು ಹೋಗಿ ಅಂತ ನಮ್ಮ ರಾಜ್ಯದಲ್ಲಿ "ಮಮತೆಯ ತೊಟ್ಟಿಲು" ಅಂತ ಇಡುತ್ತಾರೆ. (ನಂದಗಡದಲ್ಲಿ ಖಾಲಿ ತೊಟ್ಟಿಲು ಕಟ್ಟುತ್ತಾರೆ, ಇಲ್ಲಿ ಖಾಲಿ ತೊಟ್ಟಿಲು ಕಾಯುತ್ತದೆ.) ದತ್ತು ಬೇಕಾದವರು ಪೋರ್ಟಲ್ಲಿನಲ್ಲಿ ಹೆಸರು ನೋಂದಾಯಿಸಿ ಸರದಿಗೆ ಕಾಯಬೇಕು. ಸರದಿ ಬಂದಾಗ ಮಗುವಿನ ಫೋಟೋ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ ಪರದೆ ಮೇಲೆ ಬರುತ್ತವೆ. ಮಗುವನ್ನ ಕಾಯ್ದಿರಿಸೋಕೆ 48 ಗಂಟೆ ಸಮಯ. ಒಪ್ಪಿದ ಮೇಲೆ, ಆದೇಶ ಆಗೋದಕ್ಕೆ ಮುಂಚೆಯೇ, ದತ್ತುಪೂರ್ವ ಪೋಷಣೆ ಅಂತ ಮಗು ಆ ಮನೆಗೆ ಹೋಗುತ್ತದೆ. ಮೊದಲು ಆದೇಶ ಕೋರ್ಟಿನಿಂದ ಬರುತ್ತಿತ್ತು, 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿ ಕೊಡುತ್ತಾರೆ. ಆಮೇಲೆ ಎರಡು ವರ್ಷ, ಆರಾರು ತಿಂಗಳಿಗೊಮ್ಮೆ ಬಂದು ನೋಡಿ ವರದಿ ಬರೆಯುತ್ತಾರೆ.

ಈ ನಿಯಮಗಳಲ್ಲಿ ಎರಡು ಶಬ್ದಗಳಿವೆ. ಆದೇಶ ಆಗೋ ಮೊದಲೇ ಮಗುವಿಗೂ ಮನೆಗೂ ಹೊಂದದೆ ದತ್ತು ಮುರಿದುಬೀಳೋದಕ್ಕೆ ಒಂದು, ಆದೇಶ ಆದ ಮೇಲೆ ಅಧಿಕಾರಿಯೇ ಅದನ್ನ ರದ್ದು ಮಾಡೋದಕ್ಕೆ ಇನ್ನೊಂದು. ಅಂದರೆ ಹಿಂದಿರುಗಿಸೋ ಬಾಗಿಲು ನಿಯಮದಲ್ಲೇ ಇದೆ. ಎಷ್ಟು ಜನ ಆ ಬಾಗಿಲಿನಿಂದ ವಾಪಸ್ ಬಂದರು? ಮಾಹಿತಿ ಹಕ್ಕಿನಡಿ ಕೇಳಿದ್ದಕ್ಕೆ ಕಾರಾ ಕೊಟ್ಟ ಉತ್ತರ ಪತ್ರಿಕೆಗಳಲ್ಲಿ ಬಂದಿತ್ತು. 2019ರವರೆಗಿನ ಐದು ವರ್ಷಗಳಲ್ಲಿ ದೇಶದಲ್ಲಿ 1,100ಕ್ಕೂ ಹೆಚ್ಚು ಮಕ್ಕಳು ವಾಪಸ್. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಸುಮಾರು ಕಾಲು ಭಾಗ ವಿಶೇಷ ಅಗತ್ಯದ ಮಕ್ಕಳು. ಆರು ವರ್ಷ ದಾಟಿದವರೂ ಬಹಳ. 2022-23ರಲ್ಲಿ ದೇಶದಲ್ಲಿ ಒಟ್ಟು ಆದ ದತ್ತು 3,441, ಅದರಲ್ಲಿ 431 ಮಕ್ಕಳು ಹೊರದೇಶಕ್ಕೆ ಹೋದವರು. ಹಾಗೆ ಹೋಗುವವರಲ್ಲಿ ವಿಶೇಷ ಅಗತ್ಯದ ಮಕ್ಕಳ ಪಾಲು ದೊಡ್ಡದು. ಇಲ್ಲಿ ಯಾರೂ ಕೈ ಹಿಡಿಯದ ಮಕ್ಕಳನ್ನ ಎತ್ತಿಕೊಂಡು ಹೋಗೋರು ಆ "ಸಣ್ಣ" ವಿದೇಶಿಯರೇ. ಇದನ್ನೂ ನೆನಪಿಟ್ಟುಕೊಂಡು ಓಹಾಯೋ ದಂಪತಿಯನ್ನ ಬೈಯಬೇಕು.

ಈಗ ನೇರ ಪ್ರಶ್ನೆಗೆ ಬರ್ತೀನಿ. ಆಗಲಿಲ್ಲ ಅಂತ ಮಗುವನ್ನ ಬೇರೆ ಮನೆಗೆ ಕೊಟ್ಟಿದ್ದೇ ತಪ್ಪಾ?

ಬರೀ ಅದಕ್ಕೇ ಕಲ್ಲು ಎತ್ತಿಕೊಳ್ಳೋಕೆ ನನ್ನ ಕೈ ಏಳೋದಿಲ್ಲ. ಖಾನಾಪುರ ತಾಲೂಕಿನ ಪಶ್ಚಿಮದ ಕಾಡಂಚಿನ ಊರುಗಳನ್ನ ನೋಡಿದವರಿಗೆ ಗೊತ್ತು. ಭೀಮಗಡ ಅಭಯಾರಣ್ಯದ ಒಳಗಿನ ಆಮಗಾಂವದಿಂದ 2024ರ ಜುಲೈ ಮಳೆಯಲ್ಲಿ ಕಾಯಿಲೆಯ ಹೆಂಗಸೊಬ್ಬರನ್ನ ಊರಿನವರು ಕಟ್ಟಿಗೆಯ ಡೋಲಿ ಕಟ್ಟಿ ಕಿಲೋಮೀಟರುಗಟ್ಟಲೆ ಹೊತ್ತು ತಂದರು. ಅಂಥ ಊರಲ್ಲಿ ನಡೆಯಲು ಬಾರದ, ಮಾತು ಬಾರದ ಮಗು ಹುಟ್ಟಿದರೆ ಆ ತಾಯಿಯ ಪಾಡೇನು ಅಂತ ಯೋಚಿಸಿ. ಮಾತಿನ ತರಬೇತಿ, ವ್ಯಾಯಾಮ, ಮಾತ್ರೆ ಎಲ್ಲದಕ್ಕೂ ಬೆಳಗಾವಿಗೆ ಬರಬೇಕು. ಒಂದು ದಿನದ ಕೂಲಿ ಹೋಯ್ತು, ಬಸ್ ಚಾರ್ಜ್ ಬೇರೆ. ಮಳೆಗಾಲದಲ್ಲಿ ಅದೂ ಇಲ್ಲ. ಕಾನೂನು ಹೆತ್ತ ತಾಯಿಗೂ ಒಂದು ದಾರಿ ಇಟ್ಟಿದೆ. ದೇಹದ, ಮನಸ್ಸಿನ, ಸಮಾಜದ ಕಾರಣಕ್ಕೆ ಸಾಕಲಾರೆ ಅಂದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನ ಒಪ್ಪಿಸಬಹುದು. ಮನಸ್ಸು ಬದಲಾಯಿಸೋಕೆ 60 ದಿನ ಸಮಯ. ಅಂದಮೇಲೆ "ಬಿಟ್ಟುಕೊಡೋದು" ದತ್ತು ತಂದೆತಾಯಿ ಮಾತ್ರ ಮಾಡೋ ಪಾಪ ಅಲ್ಲ. ಬೇಡವಾದ ಮನೆಯಲ್ಲಿ ಮಗು ದಿನಾ ಏಟು ತಿನ್ನುತ್ತಾ ಬೆಳೆಯೋದಕ್ಕಿಂತ ಬೇಕು ಅನ್ನೋರ ಮನೆಗೆ ಹೋಗೋದು ಮೇಲು ಅಂತ ಯಾರಾದರೂ ವಾದಿಸಿದರೆ ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಆದರೆ ಓಹಾಯೋದ ಮನೆಯಲ್ಲಿ ರಸ್ತೆ ಇತ್ತು, ಆಸ್ಪತ್ರೆ ಇತ್ತು, ಹಣ ಇತ್ತು. ಆ ಹಣದಲ್ಲಿ ಮಗುವಿನ ದುಡಿಮೆಯೂ ಸೇರಿತ್ತು. ನನಗೆ ಚುಚ್ಚೋದು ಇದು. ದೇಣಿಗೆ ಕೊಟ್ಟವರು ಫೋಟೋದ ತುಂಡಿಗೆ ಕೊಟ್ಟರು, ಜಾಹೀರಾತಿನವರು ಆ ಕಥೆಗೆ ಕೊಟ್ಟರು, ಆ ಕಥೆಯಲ್ಲಿ ಮುಖ್ಯ ಪಾತ್ರ ಆ ಹುಡುಗನದೇ. ಮಗು ಹೋಯ್ತು, ದುಡಿಮೆ ಅವರ ಹತ್ತಿರವೇ ಉಳೀತು. ಕೊಟ್ಟ ಮೇಲೂ ಮತ್ತೊಂದು ವಿಡಿಯೋ, ಅದರಲ್ಲಿ ಅವನ ಕಾಯಿಲೆ, ಅವನ ಕಷ್ಟ, ಎಲ್ಲಾ ಪರದೆ ಮೇಲೆ. ದೊಡ್ಡವನಾದ ಮೇಲೆ ಅವನು ತನ್ನ ಹೆಸರು ಹುಡುಕಿದರೆ ಸಿಗೋದು, ತನ್ನನ್ನ ಯಾಕೆ ಕೊಟ್ಟುಬಿಟ್ಟರು ಅನ್ನೋದರ ಬಗ್ಗೆ ಅಪರಿಚಿತರ ಚರ್ಚೆ.

ನಮ್ಮಲ್ಲಿ ಹಾಗಿಲ್ಲ ಅನ್ನಬೇಡಿ. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ರೀಲ್ಸ್ ಮಾಡೋ ಯುವತಿಯೊಬ್ಬರನ್ನ ಪೊಲೀಸರು ಬಂಧಿಸಿದ್ದು ಎಲ್ಲ ಪತ್ರಿಕೆಗಳಲ್ಲಿ ಬಂತು. ದತ್ತು ನಿಯಮ ಪಾಲಿಸದೆ ಉತ್ತರ ಕರ್ನಾಟಕದ ಒಬ್ಬ ಬಡ ಬಾಲಕಿಯನ್ನ ಮನೆಯಲ್ಲಿ ಇಟ್ಟುಕೊಂಡು ವಿಡಿಯೋಗಳಲ್ಲಿ ತೋರಿಸಿದರು ಅನ್ನೋದು ದೂರು. ಆ ಪ್ರಕರಣದ ಸರಿತಪ್ಪು ನನಗೆ ಬೇಡ, ಅದಕ್ಕೆ ನ್ಯಾಯಾಲಯ ಇದೆ. ನಾನು ಗಮನಿಸಿದ್ದು ಬೇರೆ. ಟೀವಿಯವರು ಮಗುವಿನ ಊರಿಗೇ ಹೋಗಿ ಮೈಕು ಹಿಡಿದರು. ರಕ್ಷಣೆ ಬೇಕಾದ ಮಗುವಿನ ಗುರುತು ಬಯಲು ಮಾಡೋದು ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಅಪರಾಧ. ಮಗುವನ್ನ ಪರದೆಗೆ ತಂದರು ಅಂತ ಬೈಯೋಕೆ ಮತ್ತೆ ಅದೇ ಮಗುವನ್ನ ಪರದೆಗೆ ತಂದರು!

ಈಗ ಕಿತ್ತೂರಿನ ಹುಡುಗ ಮತ್ತು ಈ ಹುಡುಗ ನನಗೆ ಯಾಕೆ ಒಟ್ಟಿಗೆ ನೆನಪಾಗ್ತಾರೆ ಅಂತ ಹೇಳಿಬಿಡ್ತೀನಿ. ಇಬ್ಬರನ್ನೂ ಮನೆಗೆ ತಂದದ್ದು ಇನ್ನೊಂದರ ಸಲುವಾಗಿ. ಒಬ್ಬ ಗದ್ದುಗೆಗಾಗಿ, ಇನ್ನೊಬ್ಬ (ಎಷ್ಟೇ ಪ್ರೀತಿ ಇದ್ದರೂ) ಅರ್ಧಕ್ಕರ್ಧ ಚಾನೆಲ್ಲಿಗಾಗಿ. ಇಬ್ಬರನ್ನೂ ಊರ ಮುಂದೆ ನಿಲ್ಲಿಸಿ "ಇವನು ನಮ್ಮವನು" ಅಂತ ಸಾರಿದರು. ಕಿತ್ತೂರಿನವರು ಸಾರಿದ ಮಾತು ಅವರ ಮನೆಯನ್ನೇ ನುಂಗಿತು, ಆದರೂ ಅದನ್ನ ವಾಪಸ್ ತಗೊಳ್ಳಲಿಲ್ಲ. ಅದು ಪ್ರೀತಿ ಅಲ್ಲ, ಮಾನದ ಪ್ರಶ್ನೆ, ರಾಜ್ಯದ ಪ್ರಶ್ನೆ ಅಂತ ನೀವು ಹೇಳಬಹುದು. ಇರಬಹುದು. ಹುಡುಗ ಕಿವುಡನಾಗಿದ್ದರೆ, ಬುದ್ಧಿ ಬೆಳೆಯದವನಾಗಿದ್ದರೆ ಕಿತ್ತೂರು ಅವನನ್ನ ಮಾಸ್ತಮರಡಿಯ ಅಂಗಳದಲ್ಲೇ ಬಿಟ್ಟು ಬರುತ್ತಿತ್ತು, ಅದರಲ್ಲೂ ನನಗೆ ಅನುಮಾನವಿಲ್ಲ. ಆದರೆ ಒಮ್ಮೆ ಉಡಿಗೆ ಹಾಕಿಕೊಂಡ ಮೇಲೆ ಲಾಭ ನಷ್ಟದ ಲೆಕ್ಕ ಮುಗಿಯಿತು ಅನ್ನೋ ತಿಳಿವಳಿಕೆ ಆ ಕಾಲಕ್ಕಿತ್ತು. ಮಗುವನ್ನ ಆರಿಸೋದರಲ್ಲಿ ಕ್ರೂರಿಗಳು, ಇಟ್ಟುಕೊಳ್ಳೋದರಲ್ಲಿ ಗಟ್ಟಿಗರು. ನಾವು ಅದನ್ನ ತಿರುಗುಮುರುಗು ಮಾಡಿದ್ದೇವೆ. ಯಾವ ಮಗುವಾದರೂ ಸರಿ ಅಂತ ಕಾನೂನು ಬರೆದೆವು, ಹಿಂದಿನ ಬಾಗಿಲಿಗೆ ಚಿಲಕ ಹಾಕಲಿಲ್ಲ.

ಇದರಲ್ಲಿ ಒಂದು ವಿಚಿತ್ರ ನೋಡಿ. ಬೆಳಗಾವಿಯ ಒಂದೇ ಓಣಿಯಲ್ಲಿ ಎರಡು ಹಿಂದೂ ಮನೆ ಇವೆ ಅಂತ ಇಟ್ಟುಕೊಳ್ಳಿ. ಒಂದು ಮನೆಯವರು ಅಣ್ಣನ ಮಗನನ್ನ 1956ರ ಕಾಯ್ದೆ ಪ್ರಕಾರ ದತ್ತಕ ತಗೊಂಡರು. ಆ ಹುಡುಗನಿಗೆ ಹೆತ್ತ ಅಪ್ಪ ಅಮ್ಮ ಎರಡು ಮನೆ ಆಚೆಗೇ ಇದ್ದಾರೆ, ನಾಳೆ ಏನಾದರೂ ಆದರೆ ಹೋಗೋಕೆ ಅಜ್ಜಿ ಮನೆ ಇದೆ. ಅವನ ದತ್ತಕ ಯಾವ ಕಾರಣಕ್ಕೂ ರದ್ದಾಗೋದಿಲ್ಲ. ಇನ್ನೊಂದು ಮನೆಯವರು ಪೋರ್ಟಲ್ಲಿನಿಂದ, ತೊಟ್ಟಿಲಲ್ಲಿ ಸಿಕ್ಕ, ಕಾಲು ಸೊಟ್ಟಗಿರೋ ಹುಡುಗಿಯನ್ನ ತಂದರು. ಆ ಹುಡುಗಿಗೆ ಈ ಮನೆ ಬಿಟ್ಟರೆ ಭೂಮಿ ಮೇಲೆ ಯಾರೂ ಇಲ್ಲ. ಅವಳ ದತ್ತು ರದ್ದಾಗಬಹುದು.

ಹಾಗೆ ರದ್ದು ಮಾಡೋರ ಕಡೆಯ ಮಾತನ್ನೂ ಕೇಳಿಸಿಕೊಂಡಿದ್ದೀನಿ. ವೈದ್ಯಕೀಯ ವರದಿಯಲ್ಲಿ ಬರೆದದ್ದು ಒಂದು, ಮನೆಗೆ ಬಂದ ಮೇಲೆ ಗೊತ್ತಾದದ್ದು ಇನ್ನೊಂದು ಅಂತಾರೆ. ಮಗು ರಾತ್ರಿಯಿಡೀ ಅಳುತ್ತೆ, ಊಟ ಬಚ್ಚಿಡುತ್ತೆ, ಹೊಡೆಯುತ್ತೆ ಅಂತಾರೆ. ಕೇಂದ್ರದಲ್ಲಿ ಇಷ್ಟು ವರ್ಷ ಕಳೆದ ಮಗು ಮತ್ತೆ ಹೇಗಿರಬೇಕಿತ್ತು? ಇದನ್ನೆಲ್ಲ ಮೊದಲೇ ಕೂಡಿಸಿ ಹೇಳೋರು ಬೇಕು, ಬಂದ ಮೇಲೆ ಫೋನ್ ಎತ್ತೋರು ಬೇಕು. ಆರು ತಿಂಗಳಿಗೊಂದು ವರದಿಯಿಂದ ಆ ಕೆಲಸ ಆಗೋದಿಲ್ಲ. ವಿಶೇಷ ಅಗತ್ಯದ ಮಗುವನ್ನ ತಗೊಂಡ ಮನೆಗೆ ತಿಂಗಳ ಖರ್ಚಿಗೆ, ತರಬೇತಿಗೆ, ಆಗಾಗ ಎರಡು ದಿನ ಮಗುವನ್ನ ನೋಡಿಕೊಳ್ಳೋ ಆಸರೆಗೆ ಸರ್ಕಾರ ನಿಂತರೆ ವಾಪಸ್ ಬರೋ ಮಕ್ಕಳ ಸಂಖ್ಯೆ ಇಷ್ಟಿರೋದಿಲ್ಲ ಅನ್ನೋದು ನನ್ನ ಅನಿಸಿಕೆ. ದತ್ತು ಅಧಿಕಾರ ಜಿಲ್ಲಾಧಿಕಾರಿಗೆ ಬಂದ ಮೇಲೆ ಈ ಮಾತು ದಿಲ್ಲಿಗೆ ಹೇಳಬೇಕಾದ್ದೂ ಇಲ್ಲ, ಚೆನ್ನಮ್ಮ ಸರ್ಕಲ್ಲಿನ ಹತ್ತಿರದ ಡಿ.ಸಿ. ಕಚೇರಿಯಲ್ಲೇ ಹೇಳಬಹುದು.

ವಾಪಸ್ ಬಂದ ಮಗು ಏನಾಗುತ್ತದೆ ಅಂದರೆ, ಕೇಂದ್ರದಲ್ಲಿ ಅದೇ ಹಳೆಯ ಮಂಚ. ಸ್ವಲ್ಪ ದಿನದ ಮೇಲೆ ಹೆಸರು ಮತ್ತೆ ಪೋರ್ಟಲ್ಲಿಗೆ ಹೋಗುತ್ತದೆ. ಹೊಸ ಫೋಟೋ ತೆಗೀತಾರೆ. ಮಗು ಒಂದು ವರ್ಷ ದೊಡ್ಡದಾಗಿರುತ್ತದೆ, ಮತ್ತೆ ಯಾರದೋ ಪರದೆ ಮೇಲೆ 48 ಗಂಟೆ.